ಹೇಳಿದ ಕಾರಣ, ಹೇಳದ ಕಾರಣ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಯುದ್ಧದ ವಿಷಯದಲ್ಲಿ ಸಲ್ಲುವಷ್ಟು ಬೇರಾವ ವಿಷಯದಲ್ಲಿಯೂ ಸಲ್ಲಲಾರದು. ಪರದೇಶಗಳಲ್ಲಿ ನಡೆಯುವ ಕಾಳಗಗಳ ಸುದ್ದಿ ಬೆಳಗಿನ ಕಾಫಿಯೊಡನೆ ಮನೆಮನೆಗೆ ಬರುತ್ತದೆ. ಎರಡು ಪಕ್ಷದವರೂ ತಾವು ನ್ಯಾಯಕ್ಕಾಗಿ ಹೋರಾಡುತ್ತಿರುವುದಾಗಿ ಸಾರುತ್ತಾರೆ. ಎರಡು ಪಕ್ಷದವರೂ ತಾವು ಶಾಂತಿಯನ್ನೇ ಬಯಸಿದ್ದುದಾಗಿ ಆಣೆಯಿಟ್ಟು ಹೇಳುತ್ತಾರೆ. ಹಾಗಾದರೆ ಯುದ್ಧವನ್ನು ಬಯಸಿದವರು ಯಾರು? ಊಟಕ್ಕೆ ಕುಳಿತ ಮಕ್ಕಳು ಈ ಪ್ರಶ್ನೆಯನ್ನು ಕೇಳಿದಾಗ ಹಿರಿಯರಾದ ನಾವು ‘ಅದೆಲ್ಲ ರಾಜಕೀಯ’ ಎಂದು ಹೇಳಿ ಮಾತನ್ನು ಮುಗಿಸುತ್ತೇವೆ. ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲವೆಂಬುದು ನಮಗೂ ತಿಳಿದಿದೆ.

ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಕಡಲು ದಾಟಿ ಹೋಗಬೇಕಾದ ಅಗತ್ಯವೇನೂ ಇಲ್ಲ. ನಾವು ನೆಲೆಸಿರುವ ಕೊಯಮತ್ತೂರು, ತಿರುಪ್ಪೂರು ಸೀಮೆಯ ನೆಲವೇ ಇದಕ್ಕೆ ಸಾಕ್ಷಿ ನುಡಿಯಬಲ್ಲುದು. 1767ರಿಂದ 1799ರವರೆಗಿನ ಮೂವತ್ತೆರಡು ವರ್ಷಗಳಲ್ಲಿ ಮೈಸೂರಿಗೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಗೂ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ‘ಕುಂಪಣಿ’ಗೂ, ನಾಲ್ಕು ಯುದ್ಧಗಳಾದವು. ನಾಲ್ಕರ ನೆರಳೂ ಈ ಸೀಮೆಯ ಮೇಲೆ ಬಿದ್ದಿತು. ಇಂದು ನಾವು ‘ಗಡಿ’ ಎಂದು ಕರೆಯುವ ಗೆರೆ ಮೊದಲು ಮೂಡಿದುದು ಆ ಯುದ್ಧಗಳ ಕೊನೆಯಲ್ಲಿ. ಆದಕಾರಣ ರಾಷ್ಟ್ರಗಳು ಏಕೆ ಯುದ್ಧಕ್ಕೆ ಇಳಿಯುತ್ತವೆ ಎಂಬುದನ್ನು ಅರಿಯುವ ಹಕ್ಕು ನಮಗೆ ಉಳಿದವರಿಗಿಂತ ಒಂದು ತೂಕ ಹೆಚ್ಚಾಗಿಯೇ ಇದೆ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಪಶ್ಚಿಮ ಘಟ್ಟಗಳ ಉದ್ದನೆಯ ಗೋಡೆಯಲ್ಲಿ ಅಗಲವಾದ ಬಾಗಿಲೊಂದಿದ್ದರೆ ಅದು ಕೊಯಮತ್ತೂರಿನ ಪಶ್ಚಿಮಕ್ಕಿರುವ ಪಾಲಕ್ಕಾಡಿನ ಕಣಿವೆ. ಮಲಬಾರಿನ ಮೆಣಸು, ಏಲಕ್ಕಿಗಳ ತೀರಕ್ಕೂ ಪೂರ್ವದ ಬಯಲು ಸೀಮೆಗೂ ಸಲೀಸಾದ ಹಾದಿ ಇದು. ಉತ್ತರದಲ್ಲಿ ಸತ್ಯಮಂಗಲದ ಆಚೆ ಗಜ್ಜಲಹಟ್ಟಿಯ ಕಣಿವೆ. ಅದನ್ನು ಏರಿದರೆ ಮೈಸೂರಿನ ಪ್ರಸ್ಥಭೂಮಿ. ನೊಯ್ಯಲ್, ಭವಾನಿ, ಅಮರಾವತಿ ನದಿಗಳ ನೀರು, ಬಾವಿ ಕಪಿಲೆಗಳ ಬೇಸಾಯ, ಹತ್ತಿಯ ಹೊಲಗಳು, ಕಾಂಗೇಯದ ಎತ್ತುಗಳು ಇವೆಲ್ಲ ಸೇರಿ ಈ ನಾಡನ್ನು ಧಾನ್ಯದ ಕಣಜವನ್ನಾಗಿ ಮಾಡಿದ್ದವು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಿಂದ ಚಿಕ್ಕದೇವರಾಜ ಒಡೆಯರ ಕಾಲದವರೆಗೆ ಹಂತಹಂತವಾಗಿ ಇದು ಮೈಸೂರಿಗೆ ಸೇರಿತು. ಮೈಸೂರಿನ ದೃಷ್ಟಿಯಲ್ಲಿ ಇದು ಕಡಲಿಗೆ ಹೋಗುವ ಮೆಟ್ಟಿಲು. ಮದರಾಸಿನಲ್ಲಿದ್ದ ಕುಂಪಣಿಯ ದೃಷ್ಟಿಯಲ್ಲಿ ಶ್ರೀರಂಗಪಟ್ಟಣಕ್ಕೆ ಹತ್ತಲು ಬೇಕಾದ ಏಣಿ. ಕಣಜವೂ ಏಣಿಯೂ ಒಂದೇ ಕಡೆ ಇರುವ ನಾಡಿಗೆ ನೆಮ್ಮದಿ ದುರ್ಲಭ.

ಮೊದಲನೆಯ ಯುದ್ಧದಲ್ಲಿಯೇ ಇದು ಸ್ಪಷ್ಟವಾಯಿತು. 1768ರಲ್ಲಿ ಕುಂಪಣಿಯ ಸೇನೆ ಕೊಯಮತ್ತೂರು ಸೀಮೆಯನ್ನು ಹಿಡಿಯಿತು. ವರ್ಷ ತುಂಬುವುದರೊಳಗಾಗಿ ಹೈದರಾಲಿ ಅದನ್ನು ಮರಳಿ ಪಡೆದನು. 1769ರಲ್ಲಿ ಅವನು ಮದರಾಸಿನ ಹೊಸ್ತಿಲವರೆಗೆ ನುಗ್ಗಿದಾಗ ಗಾಬರಿಗೊಂಡ ಕುಂಪಣಿ, ಆಪತ್ಕಾಲದಲ್ಲಿ ಪರಸ್ಪರ ನೆರವಾಗಬೇಕೆಂಬ ಕರಾರಿಗೆ ಒಪ್ಪಿತು. ಆದರೆ ಮುಂದೆ ಮರಾಠರು ಮೈಸೂರಿನ ಮೇಲೆ ಏರಿಬಂದಾಗ ಆ ನೆರವು ಬರಲಿಲ್ಲ. ಕೊಟ್ಟ ಮಾತನ್ನು ನಡೆಸದವರೊಡನೆ ಮತ್ತೆ ಮಾತಿನ ವ್ಯವಹಾರ ಹೇಗೆ ಎಂಬ ಕಹಿ ಹೈದರನ ಮನಸ್ಸಿನಲ್ಲಿ ನೆಲೆನಿಂತಿತು. ಮುರಿದ ವಿಶ್ವಾಸ ಯುದ್ಧದ ಕಾರಣಗಳಲ್ಲಿ ಒಂದೆಂದು ಚರಿತ್ರಕಾರರು ಹೇಳುವುದು ಇಂಥ ಕಡೆಗಳಲ್ಲಿಯೇ.

ಎರಡನೆಯ ಯುದ್ಧದ ಕಿಡಿ ಇನ್ನೂ ವಿಚಿತ್ರವಾದುದು. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ವಿರುದ್ಧ ದಂಗೆಯೆದ್ದವು. 1778ರಲ್ಲಿ ಫ್ರಾನ್ಸ್ ಅವರ ಪಕ್ಷ ವಹಿಸಿತು. ಆದಕಾರಣ ಭಾರತದಲ್ಲಿದ್ದ ಫ್ರೆಂಚರ ಠಾಣೆಗಳನ್ನು ಇಂಗ್ಲಿಷರು ಹಿಡಿಯತೊಡಗಿ, 1779ರಲ್ಲಿ ಮಲಬಾರಿನ ಮಾಹೆಯನ್ನು ವಶಪಡಿಸಿಕೊಂಡರು. ಮಾಹೆ ತನ್ನ ರಕ್ಷಣೆಯಲ್ಲಿರುವ ಬಂದರೆಂದು ಹೈದರನು ಮೊದಲೇ ತಿಳಿಸಿದ್ದನು. ಅವನಿಗೆ ಮದ್ದುಗುಂಡು ಬರುತ್ತಿದ್ದುದೂ ಅಲ್ಲಿಂದಲೇ. 1780ರಲ್ಲಿ ಅವನ ದಂಡು ಘಟ್ಟವಿಳಿದು ಕರ್ನಾಟಿಕ್ ಪ್ರಾಂತದ ಮೇಲೆ ಬಿದ್ದಿತು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡ ಮೇಲೂ ಯುದ್ಧ ನಿಲ್ಲಲಿಲ್ಲ. 1783ರಲ್ಲಿ ಕರ್ನಲ್ ಫುಲ್ಲರ್ಟನ್ನನ ಸೇನೆ ಧಾರಾಪುರವನ್ನು, ಆಮೇಲೆ ಪಾಲಕ್ಕಾಡಿನ ಕೋಟೆಯನ್ನು, ವರ್ಷದ ಕೊನೆಗೆ ಕೊಯಮತ್ತೂರನ್ನು ಹಿಡಿಯಿತು. ತನ್ನ ದಂಡಿಗೆ ಬೇಕಾದ ದವಸವೂ ದನವೂ ಈ ಸೀಮೆಯಲ್ಲಿ ಹೇರಳವಾಗಿ ಸಿಕ್ಕುವುವೆಂಬುದು ಅವನ ಲೆಕ್ಕಾಚಾರದ ಮುಖ್ಯ ಅಂಶವಾಗಿತ್ತು. ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಅಮೆರಿಕದ ಜನ ತಮ್ಮ ಅರಸನೊಡನೆ ಮಾಡಿದ ಜಗಳಕ್ಕೂ ಅಮರಾವತಿಯ ದಡದ ರೈತನ ಕಣಜ ಬರಿದಾದುದಕ್ಕೂ ನಡುವೆ ಇದ್ದುದು ನಾಲ್ಕೈದು ಕೊಂಡಿಗಳು ಮಾತ್ರ. ಆ ರೈತನು ಅಮೆರಿಕದ ಹೆಸರನ್ನೇ ಕೇಳಿರಲಿಕ್ಕಿಲ್ಲ.

1784ರ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಒಪ್ಪಂದವಾಗಿ, ಎರಡು ಪಕ್ಷದವರೂ ಗೆದ್ದ ನೆಲವನ್ನು ಒಬ್ಬರಿಗೊಬ್ಬರು ಹಿಂತಿರುಗಿಸಿದರು. ಯಾರಿಗೂ ಒಂದು ಗೇಣು ನೆಲ ಹೆಚ್ಚಾಗಲಿಲ್ಲ. ಸುಟ್ಟ ಊರು, ಹೋದ ಎತ್ತು, ಸತ್ತ ಮಕ್ಕಳು ಮಾತ್ರ ಯಾವ ಕರಾರಿನಿಂದಲೂ ಹಿಂತಿರುಗಲಿಲ್ಲ.

ಅದೇ 1784ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಸಂಗತಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಪ್ರಧಾನಮಂತ್ರಿ ಪಿಟ್ಟನು ತಂದ ಇಂಡಿಯಾ ಕಾನೂನಿನಲ್ಲಿ, ಭಾರತದಲ್ಲಿ ದಂಡೆತ್ತಿ ಹೋಗಿ ರಾಜ್ಯವನ್ನು ವಿಸ್ತರಿಸುವ ಯೋಜನೆಗಳು ಆಂಗ್ಲ ರಾಷ್ಟ್ರದ ಇಚ್ಛೆಗೂ ಗೌರವಕ್ಕೂ ನೀತಿಗೂ ವಿರುದ್ಧವಾದುವೆಂದು ಪಾರ್ಲಿಮೆಂಟು ಘೋಷಿಸಿತು. ಶತ್ರುವು ತಮ್ಮ ಮೇಲೆ ಅಥವಾ ತಮ್ಮ ರಕ್ಷಣೆಯಲ್ಲಿರುವ ಮಿತ್ರರ ಮೇಲೆ ಯುದ್ಧವನ್ನು ಹೂಡಿದರೆ ಇಲ್ಲವೆ ಅದಕ್ಕೆ ಸಿದ್ಧತೆ ನಡೆಸಿದರೆ ಹೊರತು, ವಿಲಾಯತಿಯ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ಲನು ಯುದ್ಧ ಸಾರಬಾರದೆಂದು ಕಟ್ಟಳೆಯಾಯಿತು. ಇದಕ್ಕಿಂತ ಧರ್ಮಸಮ್ಮತವಾದ ಕಾನೂನು ಬೇರೆ ಬೇಕೆ? ಆದರೂ ಆ ಕಾನೂನು ಬಂದ ಹದಿನೈದೇ ವರ್ಷಗಳಲ್ಲಿ ಮೈಸೂರು ರಾಜ್ಯ ಎರಡು ಬಾರಿ ತುಂಡಾಯಿತು. ಕಾನೂನು ಆಕ್ರಮಣವನ್ನು ನಿಷೇಧಿಸಿದ್ದಿತು, ರಕ್ಷಣೆಗೆ ಅವಕಾಶವಿತ್ತಿದ್ದಿತು. ಅಂದಿನಿಂದ ಎಲ್ಲ ಯುದ್ಧಗಳೂ ರಕ್ಷಣೆಯ ಯುದ್ಧಗಳೇ ಆದವು!

1789ರ ಜುಲೈನಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಹೈದರಾಬಾದಿನ ನಿಜಾಮನಿಗೆ ಒಂದು ಪತ್ರ ಬರೆದನು. ನಿಜಾಮನಿಗೆ ಕುಂಪಣಿಯ ಪಡೆಯನ್ನು ಎರವಲು ಕೊಡಬಹುದು, ಆದರೆ ಕುಂಪಣಿಯ ಮಿತ್ರರ ಮೇಲೆ ಅದನ್ನು ಬಳಸಕೂಡದು ಎಂದು ಹೇಳಿ, ಆ ಮಿತ್ರರ ಪಟ್ಟಿಯನ್ನು ಕೊಟ್ಟಿದ್ದನು. ಮಂಗಳೂರಿನಲ್ಲಿ ಶಾಂತಿ ಒಪ್ಪಂದ ಮಾಡಿಕೊಂಡಿದ್ದ ಟಿಪ್ಪುವಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಯುದ್ಧವೆಂಬ ಮಾತನ್ನು ಎಲ್ಲಿಯೂ ಬರೆಯದೆ ಯುದ್ಧಕ್ಕೆ ಅಡಿಪಾಯ ಹಾಕಿದ ಪತ್ರವದು.

ಹಾಗೆಂದ ಮಾತ್ರಕ್ಕೆ ತಪ್ಪೆಲ್ಲ ಒಂದೇ ಕಡೆ ಇದ್ದಿತೆಂದು ತಿಳಿಯಬಾರದು. ತಿರುವಾಂಕೂರಿನ ಅರಸನು ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಕೋಟೆಗಳನ್ನು ಕೊಂಡುದು ಟಿಪ್ಪುವಿಗೆ ಸಹಿಸಲಾಗಲಿಲ್ಲ. ತನಗೆ ಕಪ್ಪ ಕೊಡುವ ಕೊಚ್ಚಿಯ ಸೀಮೆಯೊಳಗೆ ತಿರುವಾಂಕೂರಿನ ರಕ್ಷಣಾ ಗೋಡೆ ಹಾದುಹೋಗಿದೆಯೆಂಬುದು ಅವನ ಆಕ್ಷೇಪ. ಅದು ಹೇಳಿದ ಕಾರಣ. ಮಲಬಾರಿನ ತೀರವೆಲ್ಲ ತನ್ನ ಕೈಯಲ್ಲಿ ಇರಬೇಕು. ಮೆಣಸು, ಗಂಧ, ಏಲಕ್ಕಿಗಳ ವ್ಯಾಪಾರ ತನ್ನ ಸರ್ಕಾರದ ಕೋಠಿಗಳ ಮೂಲಕವೇ ನಡೆಯಬೇಕು ಎಂಬುದು ಹೇಳದ ಕಾರಣ. ಆ ವ್ಯಾಪಾರ ತಮ್ಮ ಕೈತಪ್ಪಿದುದರಿಂದ ತಲಶ್ಶೇರಿಯ ಮತ್ತು ಮುಂಬಯಿಯ ಇಂಗ್ಲಿಷ್ ವರ್ತಕರು ಹಲ್ಲು ಕಡಿಯುತ್ತಿದ್ದರು. ಅದು ಕುಂಪಣಿ ಹೇಳದ ಕಾರಣ. 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗೋಡೆಯ ಮೇಲೆ ದಾಳಿಯಿಟ್ಟನು. ಕಾರ್ನ್‌ವಾಲಿಸನು ಕಾಯುತ್ತಿದ್ದ ಕಾರಣ ಸಿಕ್ಕಿತು. ಒಬ್ಬನ ಮಹತ್ತ್ವಾಕಾಂಕ್ಷೆ ಮತ್ತೊಬ್ಬನ ನೆಪಕ್ಕೆ ಆಹಾರವಾಗುವುದು ಹೀಗೆ.

ಮುಂದಿನ ಎರಡು ವರ್ಷಗಳು ಈ ಸೀಮೆಗೆ ಬಂದ ಕಂಟಕವನ್ನು ಊರುಗಳ ಹೆಸರುಗಳೇ ಹೇಳುತ್ತವೆ. 1790ರ ಬೇಸಗೆಯಲ್ಲಿ ತಿರುಚಿರಾಪಳ್ಳಿಯಿಂದ ಹೊರಟ ಜನರಲ್ ಮೆಡೋಸನ ಸೇನೆ ಕರೂರು, ಧಾರಾಪುರಗಳನ್ನು ಹಾದು ಜುಲೈನಲ್ಲಿ ಕೊಯಮತ್ತೂರನ್ನು ಸೇರಿತು. ಸೆಪ್ಟೆಂಬರಿನಲ್ಲಿ ಟಿಪ್ಪುವಿನ ದಂಡು ಗಜ್ಜಲಹಟ್ಟಿಯ ಕಣಿವೆಯಿಂದ ಇಳಿದು ಸತ್ಯಮಂಗಲದ ಬಳಿ ಕಾದಾಡಿತು. ಮುಂದಿನ ತಿಂಗಳು ಧಾರಾಪುರವನ್ನು ಮರಳಿ ಹಿಡಿಯಿತು. 1791ರ ಜೂನಿನಲ್ಲಿ ಮೈಸೂರಿನ ಪಡೆ ಕೊಯಮತ್ತೂರಿನ ಕೋಟೆಯನ್ನು ಮುತ್ತಿತು. ಒಳಗಿದ್ದ ಲೆಫ್ಟಿನೆಂಟ್ ಚಾಲ್ಮರ್ಸನ ಸಣ್ಣ ತುಕಡಿ ತಿಂಗಳುಗಟ್ಟಲೆ ತಡೆದು ನಿಂತು, ನವೆಂಬರಿನಲ್ಲಿ ಕಮರುದ್ದೀನ್ ಖಾನನಿಗೆ ಶರಣಾಯಿತು. ಒಂದೂವರೆ ವರ್ಷದೊಳಗೆ ಕೋಟೆಯ ಮೇಲಿನ ಬಾವುಟ ಎರಡು ಬಾರಿ ಬದಲಾಯಿತು. ಪ್ರತಿ ಬಾರಿಯೂ ಬಂದ ದಂಡು ಕೇಳಿದುದು ಅದನ್ನೇ: ಅಕ್ಕಿ, ರಾಗಿ, ಹುಲ್ಲು, ಎತ್ತು.

ಎತ್ತಿನ ಮಾತನ್ನು ಎರಡು ವಾಕ್ಯ ಹೆಚ್ಚಾಗಿಯೇ ಹೇಳಬೇಕು. ಆ ಕಾಲದ ಯುದ್ಧ ನಡೆಯುತ್ತಿದ್ದುದು ಎತ್ತಿನ ಹೆಗಲಿನ ಮೇಲೆ. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ಕಟ್ಟಿದ ದನಗಳ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಮೈಸೂರಿನ ದಂಡಿನ ವೇಗದ ಗುಟ್ಟು ಆ ಎತ್ತುಗಳಲ್ಲಿ ಇದ್ದಿತು. ಇತ್ತ ಕಾರ್ನ್‌ವಾಲಿಸನು 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಣ್ಣೆದುರಿಗೆ ಬಂದು, ಗೆದ್ದೂ ಹಿಂದಿರುಗಬೇಕಾಯಿತು. ಮೇವಿಲ್ಲದೆ ಅವನ ಎತ್ತುಗಳು ಸಾವಿರಗಟ್ಟಲೆ ಸತ್ತುಹೋಗಿ, ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ಅವನೇ ಒಡೆಸಿಹಾಕಿದನು. ಮತ್ತೆ ಬರಬೇಕಾದರೆ ಮತ್ತೆ ಎತ್ತು ಬೇಕು. ಅವು ಬರುವುದು ರೈತನ ಕೊಟ್ಟಿಗೆಯಿಂದ ಮತ್ತು ಲಂಬಾಣಿಗಳ ಹೇರಿನಿಂದ. ಅರಸರ ಲೆಕ್ಕದಲ್ಲಿ ಅದು ದಂಡಿನ ಸಾಮಗ್ರಿ. ಒಕ್ಕಲು ಮನೆಯ ಲೆಕ್ಕದಲ್ಲಿ ಮುಂದಿನ ವರ್ಷದ ಉಳುಮೆ. 1792ರ ಮಾರ್ಚಿನ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಇಷ್ಟು ಹಣ ಯಾವ ಖಜಾನೆಯಿಂದ ಬಂದೀತು? ಕೊನೆಗೆ ಅದು ಇಳಿದುದು ಕಂದಾಯದ ರೂಪದಲ್ಲಿ ರೈತನ ತಲೆಯ ಮೇಲೆಯೇ.

ಈ ಯುದ್ಧಗಳನ್ನು ಧರ್ಮಗಳ ನಡುವಣ ಯುದ್ಧವೆಂದು ಬಣ್ಣಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಪಂಕ್ತಿಗಳಲ್ಲಿ ಯಾರು ಯಾರ ಪಕ್ಕದಲ್ಲಿ ನಿಂತಿದ್ದರೆಂಬುದನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಮೂರನೆಯ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಒಟ್ಟಾದವರು ಕ್ರೈಸ್ತರಾದ ಇಂಗ್ಲಿಷರು, ಮುಸಲ್ಮಾನನಾದ ನಿಜಾಮ, ಹಿಂದುಗಳಾದ ಮರಾಠರು. 1791ರಲ್ಲಿ ಶೃಂಗೇರಿಯ ಮಠವನ್ನು ಸುಲಿದುದು ಮರಾಠರ ದಂಡಿನೊಡನೆ ಬಂದ ಕೊಳ್ಳೆಗಾರರು. ಮಠದ ಜೀರ್ಣೋದ್ಧಾರಕ್ಕೆ ನೆರವಿತ್ತು ಜಗದ್ಗುರುಗಳಿಗೆ ಗೌರವದ ಪತ್ರಗಳನ್ನು ಬರೆದುದು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಅದೇ ಟಿಪ್ಪು ಕೊಡಗಿನಲ್ಲಿ, ಮಲಬಾರಿನಲ್ಲಿ ತೋರಿದ ಕ್ರೌರ್ಯವೂ ದಾಖಲೆಯಲ್ಲಿ ಇದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಇಸ್ಲಾಮಿನ ಖಲೀಫನೆನಿಸಿದ್ದ ತುರ್ಕಿಯ ಸುಲ್ತಾನ ಮೂರನೆಯ ಸೆಲೀಮನೇ 1798ರಲ್ಲಿ ಟಿಪ್ಪುವಿಗೆ ಪತ್ರ ಬರೆದು, ಫ್ರೆಂಚರ ಸಂಗವನ್ನು ಬಿಟ್ಟು ಇಂಗ್ಲಿಷರೊಡನೆ ರಾಜಿಯಾಗೆಂದು ಬುದ್ಧಿ ಹೇಳಿದನು. ಆ ಪತ್ರವನ್ನು ತಲುಪಿಸಿದವರು ಇಂಗ್ಲಿಷರೇ. ಫ್ರೆಂಚರು ಈಜಿಪ್ತಿಗೆ ನುಗ್ಗಿ ಸೆಲೀಮನ ನೆಲವನ್ನೇ ತುಳಿದಿದ್ದುದರಿಂದ ಅವನಿಗೆ ಆಗ ಇಂಗ್ಲಿಷರು ಬೇಕಾಗಿದ್ದರು. ತತ್ತ್ವ ಬಾವುಟದ ಮೇಲೆ ಇರುತ್ತದೆ. ಕೋಲನ್ನು ಹಿಡಿದ ಕೈ ಲಾಭವನ್ನು ಎಣಿಸುತ್ತಿರುತ್ತದೆ. ಜನರನ್ನು ಸಾಯಲು ಒಪ್ಪಿಸಬೇಕಾದರೆ ಮೆಣಸಿನ ದರವನ್ನು ಹೇಳಿ ಒಪ್ಪಿಸಲಾಗುವುದಿಲ್ಲ. ದೇವರನ್ನೋ ದೇಶವನ್ನೋ ಸ್ವಾತಂತ್ರ್ಯವನ್ನೋ ಕರೆಯಲೇಬೇಕಾಗುತ್ತದೆ. ತತ್ತ್ವಸಿದ್ಧಾಂತಗಳು ಯುದ್ಧಕ್ಕೆ ಬೇಕಾಗುವುದು ಹೆಚ್ಚಾಗಿ ಈ ಕೆಲಸಕ್ಕೆ.

ಇನ್ನು 1799ರ ಕಡೆಯ ಯುದ್ಧ. ಹೇಳಿದ ಕಾರಣವನ್ನೂ ಹೇಳದ ಕಾರಣವನ್ನೂ ಬೇರ್ಪಡಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಕ್ಕಲಾರದು. 1797ರಲ್ಲಿ ಮಂಗಳೂರಿಗೆ ಬಂದಿಳಿದ ರಿಪೋ ಎಂಬ ಫ್ರೆಂಚ್ ನಾವಿಕನು, ಮಾರಿಷಸ್ ದ್ವೀಪದಲ್ಲಿ ತನ್ನವರ ದೊಡ್ಡ ಸೇನೆ ಸಿದ್ಧವಾಗಿದೆಯೆಂದು ಬಡಾಯಿ ಕೊಚ್ಚಿದನು. ನಂಬಿದ ಟಿಪ್ಪು ರಾಯಭಾರಿಗಳನ್ನು ಕಳುಹಿಸಿದನು. ಅಲ್ಲಿನ ಗವರ್ನರ್ ಮಲಾರ್ತಿಕನ ಬಳಿ ಕೊಡಲು ಸೇನೆಯಿರಲಿಲ್ಲ. ಟಿಪ್ಪುವಿಗಾಗಿ ಸ್ವಯಂಸೇವಕರು ಬೇಕೆಂದು 1798ರ ಜನವರಿಯಲ್ಲಿ ಬಹಿರಂಗವಾಗಿಯೇ ಡಂಗುರ ಹೊಡೆಸಿದನು. ಬಂದವರು ಸುಮಾರು ನೂರು ಜನ. ಆದರೆ ಡಂಗುರದ ಸದ್ದು ಕಲ್ಕತ್ತೆಯನ್ನು ಮುಟ್ಟಿತು. ಆಗ ತಾನೇ ಬಂದಿದ್ದ, ಮುಂದೆ ವೆಲ್ಲೆಸ್ಲಿ ಎಂದು ಪ್ರಖ್ಯಾತನಾದ ಗವರ್ನರ್ ಜನರಲ್ಲನು ಕೂಡಲೇ ಸೇನೆಯನ್ನು ಸಜ್ಜುಗೊಳಿಸಲು ಮದರಾಸಿಗೆ ಅಪ್ಪಣೆಯಿತ್ತನು. ಫ್ರೆಂಚರು ಬರುತ್ತಿದ್ದಾರೆ, ಅವರೊಡನೆ ಕೂಡಿಕೊಂಡ ಟಿಪ್ಪುವನ್ನು ಮೊದಲೇ ಮುರಿಯಬೇಕು ಎಂಬುದು ಹೇಳಿದ ಕಾರಣ.

1798ರ ಆಗಸ್ಟ್ 1ರಂದು ನೈಲ್ ನದಿಯ ಮುಖದಲ್ಲಿ ಇಂಗ್ಲಿಷ್ ನೌಕಾಪತಿ ನೆಲ್ಸನ್ನನು ಫ್ರೆಂಚರ ಹಡಗುಪಡೆಯನ್ನು ಧ್ವಂಸಮಾಡಿದನು. ಆ ಸುದ್ದಿ ಅಕ್ಟೋಬರ್ ತಿಂಗಳ ಕೊನೆಯ ದಿನ ಕಲ್ಕತ್ತೆಯನ್ನು ತಲುಪಿತು. ನೆಪೋಲಿಯನ್ನನ ಸೇನೆ ಈಜಿಪ್ತಿನಲ್ಲಿ ಇನ್ನೂ ಇದ್ದಿತಾದರೂ ಅದನ್ನು ಭಾರತಕ್ಕೆ ಸಾಗಿಸುವ ಹಡಗುಗಳು ಇರಲಿಲ್ಲ. ಹೈದರಾಬಾದಿನಲ್ಲಿದ್ದ ಫ್ರೆಂಚ್ ಪಡೆಯನ್ನು ಅದೇ ತಿಂಗಳು ನಿರಾಯುಧಗೊಳಿಸಿಯೂ ಆಗಿದ್ದಿತು. ಭಯಕ್ಕೆ ಇದ್ದ ಆಧಾರ ಬಹುಮಟ್ಟಿಗೆ ಕುಸಿಯಿತು. ಹೇಳಿದ ಕಾರಣವೇ ನಿಜವಾದ ಕಾರಣವಾಗಿದ್ದರೆ ದಂಡು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಭಯ ಹೋದುದರಿಂದ ಧೈರ್ಯವೇ ಹೆಚ್ಚಿತು. 1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸನಿಗೆ ಮುನ್ನಡೆಯುವ ಅಪ್ಪಣೆಯಾಯಿತು. ಪೂರ್ವದಿಂದಲೂ ಮಲಬಾರಿನಿಂದಲೂ ಸೇನೆಗಳು ಘಟ್ಟ ಹತ್ತಿದವು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಕೋಟೆಯ ಬಾಗಿಲಲ್ಲಿ ಕಾದಾಡುತ್ತ ಮಡಿದನು.

ಯುದ್ಧ ಮುಗಿದ ಮೇಲೆ ಲೂಟಿಯ ಹಂಚಿಕೆ ಹೇಗಾಯಿತೆಂಬುದನ್ನು ನೋಡಿದರೆ ಹೇಳದ ಕಾರಣ ತಾನಾಗಿಯೇ ಬಾಯಿಬಿಡುತ್ತದೆ. ಕೊಳ್ಳೆಯ ಧನವನ್ನು ಸೇನೆಯವರು ದರ್ಜೆಯ ಪ್ರಕಾರ ಹಂಚಿಕೊಂಡರು. ಅನ್ಯಾಯಕ್ಕೊಳಗಾದ ಒಡೆಯರ ವಂಶವನ್ನು ಮರಳಿ ಸ್ಥಾಪಿಸಿದೆವೆಂದು ಕುಂಪಣಿ ಹೆಮ್ಮೆಯಿಂದ ಸಾರಿತು. ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನವನ್ನೇರಿದರು. ಆದರೆ ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಆ ಸಿಂಹಾಸನಕ್ಕೆ ಕಟ್ಟಿಹಾಕಲಾಯಿತು. ಮೈಸೂರಿಗೆ ಕಡಲಿನ ಕಡೆ ಇದ್ದ ಕನ್ನಡ ಜಿಲ್ಲೆ, ವಯನಾಡು, ಕೊಯಮತ್ತೂರು, ಧಾರಾಪುರ ಇವು ಕುಂಪಣಿಯ ಪಾಲಾದವು. ಬಂದರುಗಳೂ ಕಣಿವೆಗಳೂ ಹೋದವು, ಪ್ರಸ್ಥಭೂಮಿ ಉಳಿಯಿತು. ಇದಾದ ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕುಂಪಣಿಯ ಅಪ್ಪಣೆಯಂತೆ ಈ ಸೀಮೆಯಲ್ಲಿ ಸಂಚರಿಸಿ, ಹೊಲಗಳನ್ನೂ ಬಾವಿಗಳನ್ನೂ ಮಗ್ಗಗಳನ್ನೂ ಎತ್ತುಗಳನ್ನೂ ಕಂದಾಯವನ್ನೂ ವಿವರವಾಗಿ ಬರೆದಿಟ್ಟನು. ವರ್ತಕನು ಕೊಂಡ ಮಾಲನ್ನು ಎಣಿಸಿ ನೋಡುವ ರೀತಿಯದು.

ನಮ್ಮ ಗಡಿಯ ಮೂಲ ಇಲ್ಲಿದೆ. ಈ ಸೀಮೆಯ ಕನ್ನಡ ಮನೆಗಳು ಬೇರೆ ಬೇರೆ ಕಾಲಗಳಲ್ಲಿ ಇಲ್ಲಿ ನೆಲೆಸಿದವು. ಮಗ್ಗ ಹೂಡಿದ ದೇವಾಂಗರಿದ್ದಾರೆ, ನೇಗಿಲು ಹಿಡಿದ ಒಕ್ಕಲಿಗರಿದ್ದಾರೆ, ಲಿಂಗಾಯತರಿದ್ದಾರೆ. ಅವರ ಪೂರ್ವಿಕರು ಬಂದಾಗ ದಾಟಿದುದು ಕಣಿವೆಯನ್ನು, ಗಡಿಯನ್ನಲ್ಲ. 1799ರಲ್ಲಿ ಗೆರೆಯೆಳೆದವರು ಯಾವ ಮನೆಯಲ್ಲಿ ಯಾವ ಮಾತನ್ನಾಡುತ್ತಾರೆಂದು ವಿಚಾರಿಸಲಿಲ್ಲ. ಯಾವ ಕಣಿವೆ ಯಾರ ಕೈಯಲ್ಲಿ ಇರಬೇಕು, ಯಾವ ಸೀಮೆಯ ಕಂದಾಯ ಎಷ್ಟು ಎಂಬುದಷ್ಟೇ ಅವರಿಗೆ ಬೇಕಾಗಿದ್ದಿತು. ಆ ಗೆರೆಯ ಫಲವಾಗಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಮರಳಿತು. ತಾಳವಾಡಿಯು ತಮಿಳುನಾಡಿನಲ್ಲಿಯೇ ಉಳಿಯಿತು. ಮುಂದೆ 1979ರಲ್ಲಿ ಈರೋಡು ಸೀಮೆ ಬೇರೆ ಜಿಲ್ಲೆಯಾಯಿತು, 2009ರಲ್ಲಿ ತಿರುಪ್ಪೂರು ಜಿಲ್ಲೆ ರಚಿತವಾಯಿತು. ಗೆರೆಗಳು ಬದಲಾಗುತ್ತಲೇ ಇವೆ, ನೆರೆಹೊರೆ ಬದಲಾಗಿಲ್ಲ.

ಈ ಕಥೆ ನಮ್ಮ ಸೀಮೆಯದು ಮಾತ್ರವಲ್ಲ. 1928ರಲ್ಲಿ ಪ್ಯಾರಿಸ್ಸಿನಲ್ಲಿ ಹದಿನೈದು ರಾಷ್ಟ್ರಗಳು ಕೂಡಿ, ರಾಜನೀತಿಯ ಸಾಧನವಾಗಿ ಯುದ್ಧವನ್ನು ಪರಿತ್ಯಜಿಸುವುದಾಗಿ ಸಹಿಹಾಕಿದವು. ಸಹಿಹಾಕಿದವರಲ್ಲಿ ಜರ್ಮನಿ, ಇಟಲಿ, ಜಪಾನುಗಳೂ ಇದ್ದವು. ಹನ್ನೊಂದು ವರ್ಷಗಳಲ್ಲಿ ಜಗತ್ತು ಹತ್ತಿ ಉರಿಯಿತು. ಪಿಟ್ಟನ ಕಾನೂನಿಗೆ ಆದ ಗತಿಯೇ ಈ ಒಪ್ಪಂದಕ್ಕೂ ಆಯಿತು. 2003ರಲ್ಲಿ ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂಬ ಕಾರಣವನ್ನು ಹೇಳಿ ಅಮೆರಿಕವೂ ಅದರ ಮಿತ್ರರೂ ದಂಡೆತ್ತಿ ಹೋದರು. ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ಮರುವರ್ಷ ಅಮೆರಿಕದ ತನಿಖೆದಾರರೇ ವರದಿ ಮಾಡಿದರು. ಸೇನೆ ಮಾತ್ರ ಇನ್ನೂ ಏಳು ವರ್ಷ ಅಲ್ಲಿಯೇ ಇದ್ದಿತು. ಮಲಾರ್ತಿಕನ ಡಂಗುರದ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ತೆರುವವರ ಅನುಮತಿಯನ್ನು ಯಾರೂ ಕೇಳುವುದಿಲ್ಲವೆಂಬುದು ಮತ್ತೊಂದು ಸಾಮಾನ್ಯ ಲಕ್ಷಣ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತದ ಯಾವ ನಾಯಕನನ್ನೂ ವಿಚಾರಿಸದೆ ಭಾರತವೂ ಯುದ್ಧದಲ್ಲಿದೆಯೆಂದು ಸಾರಿದನು. ಇದನ್ನು ಪ್ರತಿಭಟಿಸಿ ಮದರಾಸಿನ ರಾಜಾಜಿಯವರ ಮಂತ್ರಿಮಂಡಲ ಅಕ್ಟೋಬರಿನಲ್ಲಿ ರಾಜೀನಾಮೆಯಿತ್ತಿತು. ಯುದ್ಧಕ್ಕಾಗಿ ಕೊಯಮತ್ತೂರಿನ ಪಕ್ಕದ ಸೂಲೂರಿನಲ್ಲಿ ಸಿದ್ಧವಾಗುತ್ತಿದ್ದ ವಿಮಾನ ನಿಲ್ದಾಣಕ್ಕೆ 1942ರ ಆಗಸ್ಟಿನಲ್ಲಿ ಚಳವಳಿಗಾರರು ಬೆಂಕಿಯಿಟ್ಟುದು ಆ ಸಿಟ್ಟಿನ ಒಂದು ರೂಪ. ಮಾಡಿದ ಕ್ರಮ ಸರಿಯೇ ತಪ್ಪೇ ಎಂಬುದು ಬೇರೆ ಮಾತು; ಕೇಳದೆ ಹೊರಿಸಿದ ಯುದ್ಧವನ್ನು ಜನ ತಮ್ಮದೆಂದು ಭಾವಿಸಲಿಲ್ಲವೆಂಬುದಂತೂ ದಿಟ.

ಯುದ್ಧದಿಂದ ವ್ಯಾಪಾರ ಕುದುರುತ್ತದೆಂದು ಹೇಳುವವರೂ ಉಂಟು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರದೆ ಭಾರತದ ಹತ್ತಿಯ ಬೆಲೆ ಮುಗಿಲಿಗೇರಿತು. ಯುದ್ಧ ನಿಂತಿತು, ಬೆಲೆ ನೆಲಕ್ಕೆ ಬಿದ್ದಿತು, ಸಾಲ ಮಾಡಿದವರು ಮುಳುಗಿದರು. 2022ರ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿದ ಮೇಲೆ ಯೂರೋಪಿನ ಸಂಸಾರಗಳು ಬೆಲೆಯೇರಿಕೆಗೆ ಸಿಕ್ಕಿ ಬಟ್ಟೆಗೆ ಹಾಕುವ ಹಣವನ್ನು ಕಡಿಮೆ ಮಾಡಿದುದರ ಬಿಸಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ತಟ್ಟಿತು. ನಮ್ಮ ಓದುಗರಲ್ಲಿ ಅನೇಕರ ಮನೆಗೆ ಇದು ಪರೋಕ್ಷದ ಸುದ್ದಿಯಲ್ಲ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಎಲ್ಲ ಯುದ್ಧಗಳೂ ಒಂದೇ, ಎಲ್ಲರೂ ಸಮಾನ ದೋಷಿಗಳು ಎಂಬುದು ನಮ್ಮ ಅಭಿಪ್ರಾಯವಲ್ಲ. ಮನೆಗೆ ನುಗ್ಗಿದವನನ್ನು ತಡೆಯುವವನೂ ನುಗ್ಗಿದವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ. ನಿಜವಾದ ರಕ್ಷಣೆಗೆ ಗೌರವ ಸಲ್ಲಬೇಕು. ಅದಕ್ಕಾಗಿಯೇ ರಕ್ಷಣೆಯೆಂಬ ಹೆಸರನ್ನು ಕದ್ದುಕೊಂಡು ಬರುವ ಯುದ್ಧವನ್ನು ಗುರುತಿಸುವುದು ಅವಶ್ಯಕ. ಗುರುತಿಸುವ ಬಗೆ ಕಠಿಣವಾದುದಲ್ಲ. ಹೇಳಿದ ಕಾರಣ ಇಲ್ಲವಾದರೆ ಯುದ್ಧ ನಿಲ್ಲುತ್ತದೆಯೇ? ಗೆದ್ದ ಮೇಲೆ ಯಾರಿಗೆ ಏನು ಸಿಕ್ಕಿತು? ತೆರುವವರನ್ನು ಯಾರಾದರೂ ಕೇಳಿದರೆ? ಈ ಮೂರು ಪ್ರಶ್ನೆಗಳನ್ನು ಹಾಕಿ ನೋಡಿದರೆ ಸಾಕು. ಮಕ್ಕಳಿಗೆ ಈ ಪ್ರಶ್ನೆಗಳನ್ನು ಕಲಿಸುವುದು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮಿಗಿಲು.

ಈ ಪರೀಕ್ಷೆ ದೊಡ್ಡ ಯುದ್ಧಗಳಿಗೆ ಮಾತ್ರ ಮೀಸಲಲ್ಲ. 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ನೀರಿನ ವಿವಾದ ಬೀದಿಗಿಳಿದಾಗ, ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿ, ವಾಹನಗಳು ಏಟು ತಿಂದವು. ಇತ್ತ ಕನ್ನಡದವರು ಬಾಗಿಲು ಹಾಕಿಕೊಂಡು ಊರಿನ ಸುದ್ದಿಗಾಗಿ ಕಾದರು. ಹೇಳಿದ ಕಾರಣ ನೀರು. ಬೆಂಕಿಯಿಡುವುದರಿಂದ ನದಿಗೆ ಒಂದು ಬೊಗಸೆ ನೀರೂ ಹೆಚ್ಚಾಗಲಿಲ್ಲ. ಎರಡು ಕಡೆಯ ರೈತನಿಗೂ ಮಳೆಯೇ ದಿಕ್ಕು ಎಂಬ ನಿಜ ಹಾಗೆಯೇ ಉಳಿಯಿತು. ಆ ದಿನಗಳಲ್ಲಿ ಅತ್ತಲೂ ಇತ್ತಲೂ ನೆರೆಯವರ ಬಾಗಿಲಿಗೆ ಅಡ್ಡ ನಿಂತು ಕಾಪಾಡಿದವರ ಹೆಸರು ಯಾವ ಚರಿತ್ರೆಯ ಪುಸ್ತಕದಲ್ಲಿಯೂ ಬರುವುದಿಲ್ಲ. ಯುದ್ಧ ಹುಟ್ಟುವ ಕಡೆಯಲ್ಲಿಯೇ ಅದನ್ನು ತಡೆದವರು ಅವರು.

ಕೊಂಗುನಾಡಿನ ಜನ ಇಂದಿಗೂ ಧೀರನ್ ಚಿನ್ನಮಲೈಯನ್ನು ನೆನೆಯುತ್ತಾರೆ. ಮೈಸೂರಿನ ಪಕ್ಷದಲ್ಲಿ ಕುಂಪಣಿಯೊಡನೆ ಹೋರಾಡಿ, 1805ರಲ್ಲಿ ಸಂಕಗಿರಿಯಲ್ಲಿ ಗಲ್ಲಿಗೇರಿದ ತಮಿಳು ವೀರನಾತ. ಅವನಿಗೂ ಅವನ ಜೊತೆ ನಿಂತ ಕನ್ನಡದವರಿಗೂ ನಡುವೆ ಭಾಷೆ ಗಡಿಯಾಗಿರಲಿಲ್ಲ. ಅರಸರು ಕಾಗದದ ಮೇಲೆ ಗಡಿಯನ್ನು ಬರೆದರು. ಅದನ್ನು ಮನಸ್ಸಿನೊಳಗೂ ಬರೆದುಕೊಳ್ಳಬೇಕೆಂಬ ಕಟ್ಟಳೆಯೇನೂ ನಮಗಿಲ್ಲ. ಮುಂದೆ ಯಾರಾದರೂ ಬಂದು ಪಕ್ಕದ ಮನೆಯವನು ನಿನ್ನ ಶತ್ರುವೆಂದು ಹೇಳಿದರೆ, ಹೇಳಿದ ಕಾರಣವನ್ನು ಸಾವಧಾನವಾಗಿ ಕೇಳಿ, ಹೇಳದೆ ಉಳಿಸಿಕೊಂಡ ಕಾರಣವೇನೆಂದು ಮರುಪ್ರಶ್ನೆ ಹಾಕುವಷ್ಟು ಎಚ್ಚರ ನಮ್ಮ ಮನೆಗಳಲ್ಲಿ ಇರಲೆಂದು ಹಾರೈಸುತ್ತೇವೆ.